ಹದಿನಾರು ಮಿಲಿಮೀಟರ್

ಫೆಬ್ರವರಿ 4

ಟೀಚರಮ್ಮ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆಲ್ಲ ನಾನು "ಹಾಂ, ಹಾಂ" ಎಂದೆ. ಏನು ಕೇಳಿದೆಯೋ ದೇವರಿಗೇ ಗೊತ್ತು. ಮೂವತ್ತೊಂದು ವರ್ಷ ಬಾಯ್ಲರಿನ ಪಕ್ಕ ನಿಂತ ಕಿವಿ, ಅದನ್ನು ನಂಬಿ ಮಾತಾಡಬೇಡ. ಮೊದಲಿನ ಹಾಗೆ ಕಾಗದವೇ ನಮಗೆ ವಾಸಿ. ನಿನ್ನ ಅತ್ತಿಗೆ ಏನೇನು ಹೇಳಿ ಹೆದರಿಸಿದ್ದಾಳೋ, ಅದರಲ್ಲಿ ಅರ್ಧ ಕಳೆದು ಇದನ್ನು ಓದು.

ಆಗಿದ್ದು ಇಷ್ಟೇ. ಹೋದ ವಾರ ನಮ್ಮ ಲಾಂಡ್ರಿ ಕಾರ್ಖಾನೆಯ ಇಸ್ತ್ರಿ ವಿಭಾಗದ ಹಬೆಯ ಪೈಪು ನೋಡಲು ಹೋದವನಿಗೆ ತಲೆ ಸುತ್ತಿತು. ಒಗೆದು ಮಡಿಚಿಟ್ಟ ಆಸ್ಪತ್ರೆ ಹೊದಿಕೆಗಳ ರಾಶಿಯ ಮೇಲೆ ಕೂತುಬಿಟ್ಟೆ. ಬಿಳಿ ಬಟ್ಟೆಯ ಮೇಲೆ ನನ್ನ ಮಸಿ ಪ್ಯಾಂಟಿನ ಗುರುತು ಬಿತ್ತೆಂದು ಅಲ್ಲಿನ ಹೆಂಗಸರು ಬೈದರು, ಆಮೇಲೆ ಮುಖ ನೋಡಿ ನೀರು ಕೊಟ್ಟರು. ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದರೆ ನೂರ ತೊಂಬತ್ತು, ನೂರ ಹನ್ನೆರಡು. ಇಸಿಜಿ ತೆಗೆದರು. ಎಕೋ ಎಂಬುದನ್ನೂ ಮಾಡಿದರು. ಎಡಮಗ್ಗುಲಲ್ಲಿ ಮಲಗಿಸಿ, ಎದೆಗೆ ತಣ್ಣನೆಯ ಅಂಟು ಹಚ್ಚಿ, ಮೇಲೊಂದು ಹಿಡಿ ಇಟ್ಟು ಒತ್ತುತ್ತಾರೆ. ಪರದೆಯಲ್ಲಿ ನನ್ನ ಹೃದಯ ಕಾಣಿಸಿತು. ಒಳಗೆ ವಾಲ್ವುಗಳು ಬಡಬಡ ತೆರೆದು ಮುಚ್ಚುತ್ತಿದ್ದವು. "ಸೋರ್ತಿದೆಯಾ?" ಎಂದು ಕೇಳಿದೆ. "ಇಲ್ಲ, ಮಾತಾಡ್ಬೇಡಿ" ಎಂದರು.

ಡಾಕ್ಟರು ಒಳ್ಳೆಯವರು, ಆದರೆ ನನ್ನ ಹಿಂದೆ ಹನ್ನೊಂದು ಜನ ಕಾದಿದ್ದರು. "ಹೃದಯದ ಗೋಡೆ ದಪ್ಪ ಆಗಿದೆ. ಮಾತ್ರೆ ತಪ್ಪಿಸ್ಬೇಡಿ, ಉಪ್ಪು ಕಡಿಮೆ ಮಾಡಿ, ಮೂರು ತಿಂಗ್ಳು ಬಿಟ್ಟು ಬನ್ನಿ" ಎಂದರು. ಎಷ್ಟು ದಪ್ಪ ಎಂದು ಕೇಳಿದೆ. ಹದಿನಾರು ಮಿಲಿಮೀಟರ್!

ಟೀಚರಮ್ಮ, ನಮ್ಮ ಬಾಯ್ಲರಿನ ತಗಡೇ ಹನ್ನೆರಡು. ಅಷ್ಟರಲ್ಲೇ ಅದು ಇಡೀ ಕಾರ್ಖಾನೆಯ ಹಬೆಯನ್ನು ಹಿಡಿದಿಟ್ಟುಕೊಂಡಿದೆ. ಒತ್ತಡ ಎಷ್ಟಾದರೂ ಏರಲಿ, ಗೋಡೆ ದಪ್ಪ ಇದ್ದವನಿಗೆ ಏನು ಭಯ? ಡಾಕ್ಟರ ಕೈ ಕುಲುಕೋಣ ಅನ್ನಿಸಿತು. ಸಂಕೋಚದಿಂದ ಸುಮ್ಮನೆ ಬಂದೆ.

ಒಂದೇ ಚಿಂತೆ. ಏಪ್ರಿಲಿನಲ್ಲಿ ಕಾರ್ಖಾನೆಯ ಡಾಕ್ಟರು ನಮ್ಮೆಲ್ಲರನ್ನೂ ಪರೀಕ್ಷೆ ಮಾಡುತ್ತಾರೆ. ಬಿ.ಪಿ. ಹೆಚ್ಚಿದ್ದವರನ್ನು ಬಾಯ್ಲರಿನಿಂದ ತೆಗೆದು ಗೇಟಿಗೆ ಹಾಕುತ್ತಾರೆ. ಕುರ್ಚಿಯ ಮೇಲೆ ಕೂತು ಬರುವವರ ಚೀಲ ಇಣುಕುವ ಕೆಲಸ. ಅದಕ್ಕಿಂತ ನನ್ನನ್ನೇ ಕುಲುಮೆಗೆ ಹಾಕಲಿ.

ವರದಿಯ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ರಕ್ತ ಹೊರಹಾಕುವ ಪ್ರಮಾಣ 62% ಎಂದಿದೆ. ಓದಿದವಳು ನೀನು, ನೋಡಿ ಹೇಳು.

ನಿನ್ನ ಅಣ್ಣ


ಫೆಬ್ರವರಿ 13

ಪ್ರೀತಿಯ ಅಣ್ಣನಿಗೆ,

ಕಾಗದ ಒಡೆಯುವಾಗ ಹೆದರಿದ್ದೆ. ಓದುತ್ತ ಓದುತ್ತ ನಗು ಬಂತು, ಹೆದರಿಕೆ ಅರ್ಧ ಇಳಿಯಿತು. ಇನ್ನರ್ಧವನ್ನು ಆ 62 ಇಳಿಸಿತು. ನೂರಕ್ಕೆ ಅರವತ್ತೆರಡು ಎಂದರೆ ಫಸ್ಟ್ ಕ್ಲಾಸ್! ನೀನು ಜನ್ಮದಲ್ಲಿ ಗಳಿಸಿದ ಮೊದಲ ಫಸ್ಟ್ ಕ್ಲಾಸ್ ಇದು, ಅದೂ ಪಕ್ಕದವರ ಪುಸ್ತಕ ನೋಡದೆ. ನೆನಪಿದೆಯಾ? ಫೇಲಾಗಿ ನನ್ನ ತರಗತಿಗೇ ಬಂದ ವರ್ಷ, ನನ್ನ ಲೆಕ್ಕದ ಪುಸ್ತಕ ನೋಡಿ ಬರೆಯುವಾಗ ಮೇಲಿದ್ದ ನನ್ನ ಹೆಸರನ್ನೂ ಸೇರಿಸಿ ಬರೆದಿದ್ದೆ. ಮೇಷ್ಟ್ರು ಆ ದಿನ ಇಡೀ ತರಗತಿಯ ಮುಂದೆ ನಿನ್ನನ್ನು ನನ್ನ ಹೆಸರಿನಿಂದಲೇ ಕೂಗಿದ್ದರು.

ನನಗೆ ಗೋಡೆಯ ವಿಷಯ ತಿಳಿಯದು, ಆದರೆ ನೀನು ಹೇಳಿದ್ದು ಸರಿಯೆನ್ನಿಸುತ್ತದೆ. ಹಾಗೆಂದು ಮಾತ್ರೆ ಬಿಡಬೇಡ. ಅತ್ತಿಗೆ ಹಾಕಿದಷ್ಟೇ ಉಪ್ಪು, ಮೇಲೆ ಸುರಿದುಕೊಳ್ಳುವುದು ಬೇಡ.

ಮತ್ತೊಂದು ವಿಷಯ. ನಾನು ಮನೆ ಬದಲಿಸಿ ವರ್ಷವಾಯಿತು. ನೀನು ಇನ್ನೂ ಹಳೆಯ ಮನೆಯ ನಂಬರೇ ಬರೆಯುತ್ತೀಯ. ಅಂಚೆಯವರು ಪರಿಚಯದವರಾದ್ದರಿಂದ ಬೈದುಕೊಂಡು ಇಲ್ಲಿಗೇ ತಂದು ಕೊಡುತ್ತಾರೆ. ಮೇ ಕೊನೆಗೆ ಅವರ ನಿವೃತ್ತಿ. ಹೊಸ ನಂಬರನ್ನು ಬಾಯ್ಲರಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೋ.

ನಿನ್ನ ತಂಗಿ


ಮಾರ್ಚ್ 2

ಟೀಚರಮ್ಮ,

ಫಸ್ಟ್ ಕ್ಲಾಸ್ ಎಂದು ನೀನು ಬರೆದ ಸಾಲನ್ನು ನಿನ್ನ ಅತ್ತಿಗೆಗೆ ಎರಡು ಸಲ ಓದಿ ಹೇಳಿದೆ. ನನ್ನ ಪಾಳಿ ಮುಗಿದಾಗ ರಿಲೀಫಿಗೆ ಬರುವ ಜೊತೆಗಾರನಿಗೂ ಹೇಳಿದೆ. ಅವನು ನನ್ನ ಎದೆಯ ಮೇಲೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, "ಒಳ್ಳೆ ತಗಡು ಗುರು" ಎಂದ.

ಮನೆಯಲ್ಲೇ ಬಿ.ಪಿ. ನೋಡಿಕೊಳ್ಳುವ ಯಂತ್ರ ತಂದಿದ್ದೇನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೆದಿಡಲು ಡಾಕ್ಟರು ಹೇಳಿದ್ದಾರೆ. ನನಗೆ ಹೇಳಿಕೊಡಬೇಕೇ? ಹಳೆಯ ಬಾಯ್ಲರ್ ಲಾಗ್ ಪುಸ್ತಕವೊಂದರಲ್ಲಿ ಖಾಲಿ ಹಾಳೆಗಳಿದ್ದವು. ಗೆರೆ ಎಳೆದೇ ಇದೆ, ತಾರೀಕು, ಸಮಯ, ಒತ್ತಡ, ಷರಾ. ಮೊದಲ ವಾರದ ಹಾಳೆ ಕಳಿಸುತ್ತಿದ್ದೇನೆ: 164/98, 158/96, 171/102, 155/94, 167/99. ಮುಳ್ಳು ಕುಣಿಯುತ್ತಿದೆ, ಆದರೆ ಮೊದಲಿಗಿಂತ ಕೆಳಗಿದೆ.

ಮೂರು ಮಾತ್ರೆ. ಅದರಲ್ಲಿ ಒಂದು ನೀರಿಳಿಸುವ ಮಾತ್ರೆ. ಅದನ್ನು ನುಂಗಿದರೆ ಗಂಟೆಗೆ ಎರಡು ಸಲ ಓಡಬೇಕು. ಶೌಚಾಲಯ ಅಂಗಳದ ಆ ತುದಿಯಲ್ಲಿದೆ. ಬೆಂಕಿ ಉರಿಯುವಾಗ ಗೇಜ್ ಬಿಟ್ಟು ಕದಲಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಹೇಗೋ ನಿಭಾಯಿಸುತ್ತಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನಮ್ಮ ಮನೆಯ ಮೆಟ್ಟಿಲುಗಳು ಈಚೆಗೆ ಹೆಚ್ಚಾಗಿವೆ. ಮೊದಲು ಇಪ್ಪತ್ತೆರಡು ಇದ್ದವು. ಯಾರೋ ಹಗಲು ಹೊತ್ತಿನಲ್ಲಿ ಬಂದು ನಡುವೆ ಹತ್ತು ಸೇರಿಸಿ ಹೋಗಿರಬೇಕು.

ನಿನ್ನ ಅಣ್ಣ


ಏಪ್ರಿಲ್ 6

ಪ್ರೀತಿಯ ಅಣ್ಣನಿಗೆ,

ಉತ್ತರ ತಡವಾಯಿತು. ಪರೀಕ್ಷೆಯ ಪತ್ರಿಕೆಗಳ ಹೊರೆ ಬಂದು ಬಿದ್ದಿದೆ, ಊಟದ ಮೇಜಿನ ಮೇಲೂ ಅವೇ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯಲ್ಲಿ ಎಕೋ ತೆಗೆಯುವ ಕೆಲಸದಲ್ಲಿದ್ದಾಳೆ. ಬಸ್ಸಿನಲ್ಲಿ ಸಿಕ್ಕಿದ್ದಳು. ನಿನ್ನ ವಿಷಯ ಹೇಳಿದೆ. "ಇನ್ನೊಂದ್ಸಲ ಡಾಕ್ಟರ್‌ಗೆ ತೋರಿಸ್ಲಿ ಮೇಡಂ" ಎಂದಳು. ಮೂರು ತಿಂಗಳು ತುಂಬಲಿ ಎಂದು ಕಾಯದೆ ಒಂದು ಸಲ ಹೋಗಿ ಬಾ. ಹೆದರುವಂಥದ್ದೇನೂ ಇಲ್ಲ. ಮೆಟ್ಟಿಲಿನ ವಿಷಯವನ್ನೂ ಹೇಳು. ನೀರಿಳಿಸುವ ಮಾತ್ರೆ ಕೆಲಸಕ್ಕೆ ತೊಂದರೆಯಾದರೆ ಅದನ್ನೂ ಬಾಯಿ ಬಿಟ್ಟು ಹೇಳು, ಬೇರೆ ಸಮಯಕ್ಕೆ ಹಾಕಿ ಕೊಡುತ್ತಾರೆ.

ಮತ್ತೆ ಬರೆಯುತ್ತೇನೆ. ನಿನ್ನ ಆರೋಗ್ಯ ನೋಡಿಕೋ. ಖಂಡಿತ ನೋಡಿಕೋ.

ನಿನ್ನ ತಂಗಿ


ಏಪ್ರಿಲ್ 20

ಟೀಚರಮ್ಮ,

ಗೆದ್ದೆ! ಕಾರ್ಖಾನೆಯ ಡಾಕ್ಟರು ನನ್ನ ಲಾಗ್ ಪುಸ್ತಕ ತಿರುವಿ ನೋಡಿ, "ಎಲ್ಲರೂ ನಿಮ್ಮ ಹಾಗೆ ಬರೆದಿಟ್ರೆ ನಮ್ಗೆ ಕೆಲ್ಸವೇ ಇರಲ್ಲ" ಎಂದರು. ತಾವೂ ಒಂದು ಸಲ ಪಟ್ಟಿ ಕಟ್ಟಿ ನೋಡಿದರು, 138/86. ಸಹಿ ಬಿತ್ತು. ಇನ್ನೊಂದು ವರ್ಷ ಬಾಯ್ಲರ್ ನನ್ನದೇ. ಅಷ್ಟರಲ್ಲಿ ನಿವೃತ್ತಿಯೂ ಬರುತ್ತದೆ. ಆಮೇಲೆ ಗೇಟಿನಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಲಿ.

ಇನ್ನು ಆಸ್ಪತ್ರೆಗೆ ಓಡುವುದು ಯಾಕೆ? ನೀನೇ ಹೆದರುವಂಥದ್ದೇನೂ ಇಲ್ಲ ಎಂದಿದ್ದೀಯಲ್ಲ. ಏಪ್ರಿಲಿನ ಹಾಳೆ ಜೊತೆಗಿದೆ. ನೋಡಿ ಸಂತೋಷಪಡು.

ನಿನ್ನ ಅಣ್ಣ


ಮೇ 3

ಅಣ್ಣ,

ಹಾಳೆ ನೋಡಿದೆ. ಬೆಳಿಗ್ಗೆ 130/80, ಸಂಜೆ 130/80, ಮರುದಿನ 130/80, ಅದರ ಮರುದಿನವೂ ಅದೇ. ನಡುವೆ ಎರಡು ಕಡೆ 128/80 ಎಂದು ಬರೆದಿದ್ದೀಯ, ಅನುಮಾನ ಬರಬಾರದೆಂದು. ಮೂವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದ್ದೇನೆ. ನಿಜವಾಗಿ ಅಳೆದ ಅಂಕಿ ಯಾವುದು, ಮೇಲಿನ ಸಾಲು ನೋಡಿ ಕೆಳಗೆ ಇಳಿಸಿದ್ದು ಯಾವುದು ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ನಿನ್ನ ಮಾರ್ಚಿನ ಹಾಳೆಯ ಪಕ್ಕದಲ್ಲೇ ಇದನ್ನಿಟ್ಟು ನೋಡಿದೆ. ಅಲ್ಲಿ ಶಾಯಿ ಕೂಡ ದಿನಕ್ಕೊಂದು ಬಗೆ ಇತ್ತು. ಇಲ್ಲಿ ಇಡೀ ಹಾಳೆ ಒಂದೇ ಕೂತಿನಲ್ಲಿ ಬರೆದದ್ದು. ಬಾಯ್ಲರ್ ಮನೆಯಲ್ಲಿ ಸೋಮಾರಿಗಳು ಹೀಗೆ ಬರೆಯುತ್ತಾರೆ, ಅಂಥವರನ್ನು ಕಂಡರೆ ಮೈ ಉರಿಯುತ್ತದೆ ಎಂದು ನೀನೇ ಹೇಳುತ್ತಿದ್ದೆ. ಹತ್ತು ವರ್ಷದವನಿದ್ದಾಗ ಕದ್ದು ಬರೆದೆ, ನಕ್ಕೆವು. ಈಗ ಐವತ್ತೊಂಬತ್ತು. ನನಗೆ ನಾಚಿಕೆಯಾಗುತ್ತಿದೆ.

ಈಗ ಗೋಡೆಯ ವಿಷಯ ಕೇಳು. ಆ ಹುಡುಗಿ ಬಸ್ಸಿನಲ್ಲಿ ಹೇಳಿದ್ದು ಅಷ್ಟೇ ಅಲ್ಲ. ಹೃದಯದ ಗೋಡೆ ಹತ್ತು, ಹನ್ನೊಂದು ಮಿಲಿಮೀಟರ್ ಇರಬೇಕಂತೆ. ಹದಿನಾರು ಎಂದರೆ ಗಟ್ಟಿ ಎಂದಲ್ಲ. ಎಷ್ಟೋ ವರ್ಷ ಏರಿದ ಒತ್ತಡಕ್ಕೆ ಎದುರಾಗಿ ದುಡಿದೂ ದುಡಿದೂ ಅದರ ಮಾಂಸ ಊದಿಕೊಂಡಿದೆ. ಹೊರಕ್ಕಲ್ಲ, ಒಳಕ್ಕೆ. ಒಳಗಿನ ಜಾಗ ಕಿರಿದಾಗಿದೆ. ಅದಕ್ಕೆ ಸಡಿಲಾಗಿ ರಕ್ತ ತುಂಬಿಕೊಳ್ಳಲು ಬರುವುದಿಲ್ಲ, ಅದಕ್ಕೇ ನಿನಗೆ ಮೆಟ್ಟಿಲು ಹೆಚ್ಚಾಗಿರುವುದು. ಹಾಗೇ ಬಿಟ್ಟರೆ ಬಡಿತ ಒಮ್ಮೆಲೇ ದಾರಿ ತಪ್ಪಬಹುದಂತೆ. ಆ 62 ಕೂಡ ಪರೀಕ್ಷೆಯ ಅಂಕವಲ್ಲ. ನೂರು ಯಾರಿಗೂ ಬರುವುದಿಲ್ಲ. ಐವತ್ತೈದರ ಮೇಲಿದ್ದರೆ ಸರಿ, ಅಷ್ಟೇ. ಅದು ಸರಿ ಇದ್ದ ಮಾತ್ರಕ್ಕೆ ಗೋಡೆ ಸರಿ ಎಂದಲ್ಲ. ಪೈಪಿನೊಳಗೆ ಸುಣ್ಣ ಕಟ್ಟಿದರೆ ಪೈಪು ದಪ್ಪವಾಯಿತೆಂದು ನೀನು ಕುಣಿಯುತ್ತೀಯಾ?

ಒತ್ತಡ ಇಳಿಸಿ ಇಟ್ಟರೆ ವರ್ಷಗಳಲ್ಲಿ ಆ ಗೋಡೆ ಮತ್ತೆ ತೆಳ್ಳಗಾಗುತ್ತದೆ ಎಂದೂ ಅವಳು ಹೇಳಿದಳು. ಮಾತ್ರೆ ಬಿಡದೆ ತೆಗೆದುಕೊಂಡರೆ.

ಇದು ನನಗೆ ಮಾರ್ಚ್ ಹದಿನಾಲ್ಕರಂದೇ ತಿಳಿದಿತ್ತು. ಫಸ್ಟ್ ಕ್ಲಾಸ್ ಎಂದು ಬರೆದ ಕೈಯಿಂದ ಇದನ್ನು ಬರೆಯಲಾಗಲಿಲ್ಲ. ಮೂರು ವಾರ ಸುಮ್ಮನಿದ್ದು, ಆಮೇಲೆ ಹೆದರುವಂಥದ್ದೇನೂ ಇಲ್ಲ ಎಂಬ ಸುಳ್ಳು ಬರೆದೆ. ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ. ಆದರೂ ಬೈಯುತ್ತೇನೆ.

ನಾಳೆಯೇ ಆಸ್ಪತ್ರೆಗೆ ಹೋಗು. ನಿಜವಾದ ಅಂಕಿ ಹೇಳು. ಅದಿಲ್ಲದೆ ನನಗೆ ಕಾಗದ ಬರೆಯಬೇಡ.

ನಿನ್ನ ತಂಗಿ


ಜೂನ್ 11

ಪ್ರೀತಿಯ ಅಣ್ಣನಿಗೆ,

ಐದು ವಾರವಾಯಿತು. ಶಾಲೆ ಮತ್ತೆ ಶುರುವಾಗಿದೆ. ದಿನವೂ ಮನೆಗೆ ಬಂದ ಕೂಡಲೇ ಬಾಗಿಲ ಬಳಿ ನೆಲ ನೋಡುತ್ತೇನೆ.

ಹಿಂದಿನ ಕಾಗದದಲ್ಲಿ ಖಾರವಾಗಿ ಬರೆದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಿನಗೇನು ಹೊಸದೇ? ಅತ್ತಿಗೆಗೆ ಫೋನ್ ಮಾಡಿದೆ. "ಚೆನ್ನಾಗಿದ್ದಾರೆ, ಮಾತ್ರೆ ತಗೋತಾರೆ, ಆದ್ರೆ ಏನೋ ಯೋಚ್ನೆ ಮಾಡ್ತಾ ಕೂತಿರ್ತಾರೆ" ಎಂದರು. ನಿನ್ನ ಕೈಗೆ ಫೋನ್ ಕೊಡಲು ಹೇಳಿದೆ. ನೀನು "ಹಾಂ, ಹಾಂ" ಎಂದು ಇಟ್ಟುಬಿಟ್ಟೆ. ನನ್ನ ಮೇಲೆ ಮುನಿಸಿಕೊಂಡಿದ್ದೀಯ ಎಂದು ಆಗ ಖಾತ್ರಿಯಾಯಿತು.

ನಿಜವಾದ ಅಂಕಿ ಇಲ್ಲದೆ ಬರೆಯಬೇಡ ಎಂದಿದ್ದೆ. ಆ ಮಾತು ವಾಪಸ್ಸು ತೆಗೆದುಕೊಂಡೆ. ಏನಾದರೂ ಬರೆ. ನನ್ನನ್ನು ಬೈದಾದರೂ ಬರೆ. ನಿನ್ನ ಮೌನ ನನಗೆ ಆಗಿಬರುವುದಿಲ್ಲ.

ನಿನ್ನ ತಂಗಿ


ಜುಲೈ 22

ಅತ್ತಿಗೆ ಅವರಿಗೆ,

ನಿಮ್ಮನ್ನು ಬಿಟ್ಟು ಬಂದು ಹನ್ನೆರಡು ದಿನವಾಯಿತು. ಊಟ ಮಾಡುತ್ತಿದ್ದೀರಾ? ಒಬ್ಬರೇ ಇರುವುದು ಕಷ್ಟವಾದರೆ ಹೇಳಿ, ದಸರೆ ರಜೆಗೆಂದು ಕಾಯುವುದಿಲ್ಲ, ಮತ್ತೆ ಬಂದುಬಿಡುತ್ತೇನೆ.

ಈ ಲಕೋಟೆಯೊಳಗೆ ಇನ್ನೊಂದು ಲಕೋಟೆ ಇದೆ. ಅಣ್ಣನದು. ಜೂನ್ ಇಪ್ಪತ್ತೈದರಂದು, ಗುರುವಾರ, ಬರೆದದ್ದು. ಹಳೆಯ ಮನೆಯ ನಂಬರಿಗೇ ಬರೆದಿದ್ದಾನೆ. ಈಗಿನ ಅಂಚೆಯವರಿಗೆ ನನ್ನ ಗುರುತಿಲ್ಲ. ಆ ಮನೆ ಖಾಲಿ ಬಿದ್ದಿತ್ತು. ನಿನ್ನೆ ಹೊಸಬರು ಬಂದು ಬೀಗ ತೆಗೆದಾಗ ಬಾಗಿಲ ಕೆಳಗೆ ಸಿಕ್ಕಿತಂತೆ. ಅವರೇ ವಿಚಾರಿಸಿಕೊಂಡು ಬಂದು ಕೊಟ್ಟರು. ಆ ಭಾನುವಾರ ಬೆಳಿಗ್ಗೆ ನಿಮ್ಮ ಫೋನ್ ಬಂದಾಗ ಇದು ದಾರಿಯಲ್ಲಿತ್ತು. ಅಲ್ಲಿ ನಾನು ಅವನ ಕಾಲ ಬಳಿ ಕೂತು, ನನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದೆಯಲ್ಲೋ ಎಂದು ಅತ್ತಾಗಲೂ ಇದು ಅಂಚೆಚೀಲದಲ್ಲೇ ಇತ್ತು, ಆಮೇಲೆ ಬಂದು ಖಾಲಿ ಮನೆಯ ನೆಲದ ಮೇಲೆ ಬಿತ್ತು.

ಅವನು ಮುನಿಸಿಕೊಂಡಿರಲಿಲ್ಲ ಅತ್ತಿಗೆ. ಅದನ್ನು ನಿಮಗೆ ಹೇಳಬೇಕಿತ್ತು. ಯಾಕೆಂದರೆ ನನ್ನ ಕಾಗದ ಬಂದಮೇಲೆ ಅವನು ಮಾತು ಕಡಿಮೆ ಮಾಡಿದನೆಂದು ನೀವು ಹೇಳಿದಾಗ ನನ್ನ ಮುಖ ನೋಡಲಿಲ್ಲ. ನೀವು ಅಂದುಕೊಂಡದ್ದೇ ನಾನೂ ಅಂದುಕೊಂಡಿದ್ದೆ.

ಮೂಲ ನಿಮಗೆ ಸೇರಬೇಕಾದ್ದು. ನನಗಾಗಿ ಒಂದು ನಕಲು ಮಾಡಿಕೊಂಡೆ. ಅಂಕಿಗಳನ್ನು ಒಂದೊಂದಾಗಿ ಅವನದ್ದು ನೋಡಿ ಬರೆದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು, ಎಲ್ಲೂ ಮುಟ್ಟಿಸಲಿಲ್ಲ.

ನಿಮ್ಮ ನಾದಿನಿ


ಜೂನ್ 25

ಟೀಚರಮ್ಮ,

ನಿನ್ನ ಎರಡೂ ಕಾಗದ ತಲುಪಿವೆ. ಮೊದಲನೆಯದನ್ನು ಓದಿ ಎರಡು ದಿನ ನಿನ್ನ ಮೇಲೆ ಹಲ್ಲು ಕಡಿದೆ. ಮೂರನೇ ದಿನ ಬಾಯ್ಲರನ್ನು ತಣ್ಣಗೆ ಮಾಡಿ ಒಳಗೆ ತೊಳೆಯುವ ಸರದಿ ಬಂತು. ಟಾರ್ಚ್ ಹಿಡಿದು ಪೈಪಿನೊಳಗೆ ನೋಡಿದೆ. ಸುಣ್ಣ ಕಟ್ಟಿ ಕಟ್ಟಿ, ಮುಷ್ಟಿ ಹಿಡಿಯುವ ಜಾಗದಲ್ಲಿ ಎರಡು ಬೆರಳು ಹಿಡಿಯುತ್ತಿತ್ತು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾದ ಪೈಪು. ಅಲ್ಲೇ ಕೂತುಬಿಟ್ಟೆ. ಮೂವತ್ತೊಂದು ವರ್ಷ ಇದನ್ನೇ ಕೆರೆದು ತೆಗೆದವನಿಗೆ ತನ್ನ ಎದೆಯದ್ದು ತಿಳಿಯಲಿಲ್ಲ.

ನೀನು ಕಳ್ಳತನ ಹಿಡಿದದ್ದು ಸರಿ. ಕೆಲಸದ ದಿನಗಳಲ್ಲಿ ನೀರಿಳಿಸುವ ಮಾತ್ರೆ ನುಂಗುತ್ತಿರಲಿಲ್ಲ, ಅಂಗಳದ ತುದಿಗೆ ಓಡುವುದು ತಪ್ಪಲಿ ಎಂದು. ಯಂತ್ರ ಕಟ್ಟಿಕೊಂಡರೆ ಮುಳ್ಳು ಮೇಲೆ ಹೋಗುತ್ತಿತ್ತು. ಅದನ್ನು ನೋಡಲಾಗದೆ ಕಟ್ಟಿಕೊಳ್ಳುವುದನ್ನೇ ಬಿಟ್ಟೆ. ಕಾರ್ಖಾನೆಯ ಡಾಕ್ಟರು ನೋಡುವ ವಾರ ಮಾತ್ರ ರಜೆ ಹಾಕಿ ಮೂರೂ ಮಾತ್ರೆ ಸರಿಯಾಗಿ ತೆಗೆದುಕೊಂಡೆ. ನೋಡು, ಆ ವಾರ ಮೆಟ್ಟಿಲುಗಳೂ ಇಪ್ಪತ್ತೆರಡೇ ಇದ್ದವು.

ಉತ್ತರ ಬರೆಯಲಿಲ್ಲ ಎಂದು ಬೇಜಾರಾಗಬೇಡ. ನಿಜವಾದ ಅಂಕಿ ಇಲ್ಲದೆ ಬರೆಯಬೇಡ ಎಂದಿದ್ದೆಯಲ್ಲ. ಒಂದು ತಿಂಗಳ ಹಾಳೆ ಪೂರ್ತಿ ತುಂಬಿಸಿಯೇ ಕಳಿಸೋಣ ಎಂದು ಮೇ ಇಪ್ಪತ್ತೈದಕ್ಕೆ ಶುರು ಮಾಡಿದೆ. ನೀನು ಫೋನ್ ಮಾಡಿದ ದಿನ ಅರ್ಧ ಹಾಳೆ ಆಗಿತ್ತು. ಹೇಳೋಣ ಅಂದುಕೊಂಡೆ, ನಿನ್ನ ಮಾತು ಒಂದೂ ಕೇಳಿಸಲಿಲ್ಲ, ನಾಚಿಕೆಯಾಗಿ ಇಟ್ಟುಬಿಟ್ಟೆ. ಎರಡನೇ ಕಾಗದದಲ್ಲಿ ಏನಾದರೂ ಬರೆ ಎಂದಿದ್ದೀಯ. ಇನ್ನು ಹತ್ತೇ ದಿನ, ಅರ್ಧ ಲೆಕ್ಕ ತೋರಿಸಿದರೆ ನೀನು ಒಪ್ಪುವವಳಲ್ಲ ಎಂದು ತಡೆದುಕೊಂಡೆ.

ಈ ಹಾಳೆ ಇಲ್ಲದೆ ಆಸ್ಪತ್ರೆಗೆ ಹೋಗಲೂ ಮುಖವಿರಲಿಲ್ಲ. ಈಗ ಇದೆ. ಸೋಮವಾರ ಹೋಗುತ್ತೇನೆ. ಮೊದಲು ಕಾರ್ಖಾನೆಯ ಡಾಕ್ಟರ ಬಳಿ, ನಾನು ಬರೆದದ್ದು ಸುಳ್ಳು ಎಂದು ಹೇಳಿ ಗೇಟಿನ ಕುರ್ಚಿ ಕೇಳುತ್ತೇನೆ. ಆ ಕುರ್ಚಿಯ ಪಕ್ಕದಲ್ಲೇ ಶೌಚಾಲಯ. ಮೂರೂ ಮಾತ್ರೆ ನುಂಗಿ ಆರಾಮಾಗಿ ಇರಬಹುದು. ರಿಲೀಫಿನವನಿಗೆ ಹೇಳಿದೆ. ಅವನು ಒಂದು ಲೋಟ ಟೀ ತಂದು ಕೊಟ್ಟ. ಬಾಯ್ಲರಿಗೆ ಇನ್ನೂ ಹೇಳಿಲ್ಲ.

ನಿನ್ನ ಅತ್ತಿಗೆಗೆ ಎಲ್ಲವನ್ನೂ ಸೋಮವಾರ ಆಸ್ಪತ್ರೆಯಿಂದ ಬಂದ ಮೇಲೆ ಹೇಳುತ್ತೇನೆ. ಈಗ ಹೇಳಿದರೆ ಮೂರು ದಿನ ನಿದ್ದೆ ಬಿಡುತ್ತಾಳೆ.

ಫಸ್ಟ್ ಕ್ಲಾಸ್ ಎಂದು ಬರೆದದ್ದಕ್ಕೆ ನೀನು ಕೊರಗಬೇಡ. ನಾನು ಮೊದಲೇ ಕುಣಿಯುತ್ತಿದ್ದೆ, ನೀನು ತಾಳ ಹಾಕಿದೆ, ಅಷ್ಟೇ. ಜೀವನದಲ್ಲಿ ಒಮ್ಮೆ ನೀನೂ ತಪ್ಪು ಲೆಕ್ಕ ಮಾಡಿದೆಯಲ್ಲ ಎಂದು ನನಗೆ ಒಳಗೊಳಗೇ ಖುಷಿಯೇ ಆಯಿತು.

ಹಾಳೆ ಹಿಂದಿದೆ. 176/104, 181/110, 168/98, 172/106, 159/97, 184/108, ಹೀಗೇ ಹೋಗಿದೆ. ಒಂದು ದಿನದ ಹಾಗೆ ಇನ್ನೊಂದಿಲ್ಲ. ಎರಡು ಕಡೆ ಖಾಲಿ ಬಿಟ್ಟಿದ್ದೇನೆ, ಆ ಸಂಜೆ ಸುಸ್ತಾಗಿ ಮಲಗಿಬಿಟ್ಟಿದ್ದೆ. ತುಂಬಿಸಬಹುದಿತ್ತು, ತುಂಬಿಸಲಿಲ್ಲ. ಅಂಕಿ ಚೆನ್ನಾಗಿಲ್ಲ, ಗೊತ್ತು. ಆದರೆ ತಿದ್ದಿ ನೋಡು ಟೀಚರಮ್ಮ, ಈ ಸಲ ಯಾರದ್ದೂ ನೋಡಿ ಬರೆದದ್ದಲ್ಲ.

ನಿನ್ನ ಅಣ್ಣ